ಎದೆಪಟ್ಟಿ ತೋರಿಸಿದ ಅಂಕಿ

ಹೊಲಿಗೆ ಕೋಣೆಯಿಂದ,
ಮಾರ್ಚ್ ೧೧, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಮಗನೇ,

ಹೇಗಿದ್ದೀಯಪ್ಪಾ? ಹೊತ್ತಿಗೆ ಸರಿಯಾಗಿ ಉಣ್ತೀಯಾ? ಫೋನ್ ಎತ್ತಲ್ಲ ಅಂತ ಬರೀತಿದ್ದೀನಿ. ಕಾಗದವನ್ನಾದರೂ ಕಟ್ ಮಾಡೋಕಾಗಲ್ವಲ್ಲ. ನಿಮ್ಮಪ್ಪ ಮೈದಾನದ ರಸ್ತೆ ಬಿಟ್ಟು ಸುತ್ತು ಬಳಸಿ ಕೆಲಸಕ್ಕೆ ಹೋಗ್ತಾರೆ. ಕೇಳಿದರೆ, ನಡೆದರೆ ಮೈಗೆ ಒಳ್ಳೇದು ಅಂತಾರೆ. ನನ್ನ ಸಮಾಚಾರ ಆಮೇಲೆ.

ತಂಗಿ ತೀರಿಕೊಂಡ ತಿಂಗಳಿಗೇ ನೀನೂ ಮನೆ ಬಿಟ್ಟೆ. ಹೊಸಿಲು ದಾಟುವಾಗ, "ಅಮ್ಮಾ, ಆವತ್ತು ಮೈದಾನದಲ್ಲಿ ಅವಳನ್ನ ಓಡಿಸಿದ್ದು ನಾನೇ" ಅಂದೆ. ಎಂಟು ತಿಂಗಳಾಯ್ತು, ಆ ಮಾತಿಗೆ ಇವತ್ತು ಉತ್ತರ ಬರೀತಿದ್ದೀನಿ. ಎದೆಬಡಿತ ಎಣಿಸೋ ಅವಳ ಕಪ್ಪು ಪಟ್ಟಿ ನನ್ನ ಹತ್ತಿರಾನೇ ಇದೆ. ನೀನು ಕಡ್ಡಿ ಅಂತ ಕರೀತಿದ್ದ ಹುಡುಗಿ. ಯಾವ ಅಳತೆಯೂ ನಿಲ್ತಿರಲಿಲ್ಲ ಅಂತ ನಾನೇ ಎಲಾಸ್ಟಿಕ್ ಎರಡಿಂಚು ಮಡಿಸಿ ಹೊಲಿದಿದ್ದೆ. ಮೊದಮೊದಲು ಅದು ಬಾಯಿಗೆ ಬಂದ ಅಂಕಿ ಹೇಳ್ತಿತ್ತು. ಎದೆ ಕೆಳಗೆ ಬಿಗಿಯಾಗಿ ಕಟ್ಟು, ಚರ್ಮಕ್ಕೆ ತಾಗೋ ಕಡೆ ನೀರು ಹಚ್ಚು, ಓಡಿ ಬಂದಮೇಲೆ ಬೆವರಿನ ಉಪ್ಪು ತೊಳಿ ಅಂತ ಕಲಿಸಿದವನು ನೀನು. ನೀರು ತರೋ ಸೋಮಾರಿತನಕ್ಕೆ ಎಂಜಲು ಹಚ್ಚಿ ಬೈಸಿಕೊಳ್ತಿದ್ದವಳು ಅವಳು.

ಆ ಶನಿವಾರದ್ದನ್ನು ಆಸ್ಪತ್ರೆಯಲ್ಲಿ ನೀನೇ ಹೇಳಿದ್ದೆ. ಎರಡನೇ ಸುತ್ತಿಗೆ, ಪಟ್ಟಿಯ ಅಂಕಿ ತೋರಿಸೋ ನಿನ್ನ ಕೈಗಡಿಯಾರದಲ್ಲಿ ಇನ್ನೂರ ಮೂವತ್ತು ಬಂತು. "ಪಟ್ಟಿ ಒಣಗಿದೆ ಕಣೇ, ನೀರು ಹಚ್ಕೋ" ಅಂದೆ. ಹಚ್ಚಿಕೊಂಡಳು. ಮತ್ತೆ ಅದೇ ಅಂಕಿ. "ಹಾಗಾದ್ರೆ ಸೆಲ್ ಹೋಗಿದೆ" ಅಂದೆ. ನಕ್ಕುಕೊಂಡೇ ಓಡಿದಳು. ಮೂರನೇ ಸುತ್ತು ಮುಗೀಲಿಲ್ಲ.

ಹೋದ ವಾರ ಆ ಪಟ್ಟಿ ತೊಳೆದು, ಹೊಸ ಸೆಲ್ ಹಾಕಿ, ನಾನೇ ಕಟ್ಟಿಕೊಳ್ಳೋಣ ಅಂತ ಕೂತೆ. ಯಾಕೆ ಅಂತ ಕೇಳಬೇಡ. ಅದು ಸುಳ್ಳುಬುರುಕ ಅಂತ ಗೊತ್ತಾದರೆ, ನಿನ್ನ ತಪ್ಪಿಲ್ಲ ಅಂತ ನಿನಗೆ ಬರೀಬಹುದು ಅಂದುಕೊಂಡಿದ್ದೆನೇನೋ. ನನಗೆ ಹಿಡಿಸಬೇಕಾದರೆ ಅವಳ ಅಳತೆಯ ಹೊಲಿಗೆ ಬಿಚ್ಚಬೇಕು. ಮೂವತ್ತು ವರ್ಷ ಹೊಲಿದ ಕೈ ಮಗನೇ, ನಾಲ್ಕು ದಾರ ಕತ್ತರಿಸೋಕೆ ಒಂದು ಮಧ್ಯಾಹ್ನ ಹಿಡೀತು.

ಫೋನಿಗೆ ಜೋಡಿಸಿ ನೋಡಿದರೆ, ಸುಮ್ಮನೆ ಕೂತಿದ್ದಾಗ ಎಪ್ಪತ್ತೆರಡು, ಎಪ್ಪತ್ನಾಲ್ಕು. ಇದ್ದಕ್ಕಿದ್ದಂತೆ ನೂರ ತೊಂಬತ್ತು. ನೀರು ಹಚ್ಚಿದೆ, ಬಿಗಿ ಮಾಡಿದೆ, ಇಳೀಲಿಲ್ಲ. ನಿಮ್ಮಪ್ಪ ಕೈ ಹಿಡಿದು ಡಾಕ್ಟರ ಹತ್ತಿರ ಕರಕೊಂಡು ಹೋದರು. ಅವರು ಎಲ್ಲ ಪರೀಕ್ಷೆ ಮಾಡಿ, "ನಿಮ್ಮ ಪಟ್ಟಿ ಸರಿಯಾಗೇ ಇದೆಯಮ್ಮಾ" ಅಂದರು. ಕೆಟ್ಟದ್ದು ನನ್ನ ಎದೆ. ಹುಟ್ಟಿದಾಗಿಂದ ಹಾಗೇ ಇದೆಯಂತೆ. ಮದುವೆಗೆ ಮುಂಚೆ ಎರಡು ಸಲ ತಲೆ ತಿರುಗಿ ಬಿದ್ದಿದ್ದೆ; ನಿಶ್ಶಕ್ತಿ ಅಂದುಕೊಂಡು ಯಾರಿಗೂ ಹೇಳಲಿಲ್ಲ. ಈಗ ಮಾತ್ರೆ ಕೊಟ್ಟಿದ್ದಾರೆ, ಗಾಬರಿ ಬೇಡ.

ಅವಳನ್ನ ಓಡಿಸಿದ್ದು ನೀನೇ, ನಿಜ. ಓಡು ಅಂತ ನಿನ್ನ ಪ್ರಾಣ ತಿಂತಿದ್ದವಳೂ ಅವಳೇ. ತಪ್ಪು ಹುಡುಕ್ತಾ ಹೋದರೆ ಅದು ನನ್ನ ಹೊಟ್ಟೆವರೆಗೂ ಬರುತ್ತೆ ಕಣೋ. ಒಬ್ಬನೇ ಹೊರಬೇಡ.

ಎಲ್ಲಿದ್ದರೂ ತಣ್ಣಗಿರು, ನೂರು ವರ್ಷ ಬಾಳು.

ನಿನ್ನ ಅಮ್ಮ

ತಾ.ಕ.: ಲಕೋಟೆ ಅಂಟಿಸೋ ಮುಂಚೆ ಅವಸರದಲ್ಲಿ ಬರೀತಿದ್ದೀನಿ, ಮುಖ್ಯವಾದ್ದು ಇದೇ. ಈ ಕಾಯಿಲೆ ತಾಯಿಯಿಂದ ಮಕ್ಕಳಿಗೆ ಬರಬಹುದಂತೆ; ಅವಳಿಗೂ ಹಾಗೇ ಬಂದಿದ್ದಿರಬೇಕು ಅಂದರು ಡಾಕ್ಟರು. ನಿನಗೂ ಇರಬಹುದು, ಇಲ್ಲದೆಯೂ ಇರಬಹುದು. ಯಾವ ಪರೀಕ್ಷೆ ಅಂತ ಡಾಕ್ಟರು ಬರೆದುಕೊಟ್ಟ ಚೀಟಿ ಒಳಗಿದೆ. ಅಲ್ಲಿವರೆಗೂ ಓಡಬೇಡ. ನನ್ನ ಮುಖ ನೋಡೋಕೆ ಮನಸ್ಸಿಲ್ಲದಿದ್ದರೆ ಬೇಡ. ಡಾಕ್ಟರ ಮುಖ ನೋಡು, ನಾಳೆನೇ.