ಗುರುವಾರದ ಎಂಟನೆಯವಳು

ಪೋರ್ಟ್ ಹುಡ್, ಕೇಪ್ ಬ್ರೆಟನ್
ಮಾರ್ಚ್ ೯

ಪ್ರೀತಿಯ ತಂಗಿ ಜೆಸ್ಸಿಗೆ,

ನಿನ್ನ ಕಾಗದ ಕ್ರಿಸ್‌ಮಸ್ಸಿಗೂ ಮೊದಲೇ ಕೈ ಸೇರಿತ್ತು. ಇಷ್ಟು ದಿನ ಉತ್ತರ ಬರೆಯದೆ ಇದ್ದದ್ದಕ್ಕೆ ಬೈಯುವುದಾದರೆ ಬೈ, ಆದರೆ ಕಾರಣ ಕೇಳಿದ ಮೇಲೆ ಬೈ. ನಿನ್ನ ಅಕ್ಕನಿಗೆ ಈಗ ಪುರುಸೊತ್ತಿಲ್ಲ. ಅರವತ್ತೇಳನೇ ವಯಸ್ಸಿನಲ್ಲಿ ಅವಳು ಮತ್ತೆ ಕುಣಿಯಲು ಶುರುಮಾಡಿದ್ದಾಳೆ. ನಗಬೇಡ, ಪೂರ್ತಿ ಓದು.

ಇದೆಲ್ಲ ಡಾಕ್ಟರಮ್ಮನಿಂದ ಶುರುವಾದದ್ದು. ಹೋದ ಬೇಸಿಗೆಯಲ್ಲಿ ನನ್ನ ರಿಪೋರ್ಟು ನೋಡಿ, "ಬಿಪಿ ಏರ್ತಿದೆ, ಸಕ್ಕರೆ ಏರ್ತಿದೆ. ನೀವು ಮಾತ್ರ ಒಂದು ದಿಬ್ಬಾನೂ ಏರ್ತಿಲ್ಲ ಎಫಿ. ಹೀಗೇ ಇದ್ರೆ ಮುಂದಿನ ವರ್ಷ ಇಲ್ಲಿ ಕೂತು ಮಾತಾಡೋಕಾಗಲ್ಲ, ಆಸ್ಪತ್ರೆಗೇ ಬಂದು ನೋಡಬೇಕಾಗತ್ತೆ" ಅಂದಳು. ಹೆದರಿ ಮನೆಗೆ ಬಂದೆ. ಯಾರೋ ಬೇಡವೆಂದು ಕೊಟ್ಟ ಟ್ರೆಡ್‌ಮಿಲ್ ತರಿಸಿದೆ. ಎಷ್ಟು ನಡೆದರೂ ಅದೇ ಗೋಡೆ, ಗೋಡೆಯ ಮೇಲೆ ಅದೇ ಕ್ಯಾಲೆಂಡರು! ಒಂದು ವಾರ ಕಳೆಯುವುದರೊಳಗೆ ಅದರ ಮೇಲೆ ಒದ್ದೆ ಟವೆಲ್‌ಗಳು ಒಣಗುತ್ತಿದ್ದವು. ಆಮೇಲೆ ಸಮುದ್ರದ ದಂಡೆಯಲ್ಲಿ ಒಬ್ಬಳೇ ನಡೆದೆ. ಗಾಳಿ ನನ್ನನ್ನು ಹಿಂದಕ್ಕೆ ತಳ್ಳಿತು, ನಾನೂ ಒಳ್ಳೆಯ ನೆಪ ಸಿಕ್ಕಿತೆಂದು ತಿರುಗಿ ಬಂದುಬಿಟ್ಟೆ.

ನವೆಂಬರಿನಲ್ಲಿ ಚರ್ಚಿನ ತಿಂಡಿ ಮಾರಾಟಕ್ಕೆಂದು ಕಾಕಂಬಿ ಬಿಸ್ಕತ್ತು ಮಾಡಿ ಊರ ಹಾಲ್‌ಗೆ ಒಯ್ದಿದ್ದೆ. ಒಳಗೆ ಸ್ಯಾಂಡಿಯ ಪಿಟೀಲು ಕೇಳಿಸುತ್ತಿತ್ತು. ನಮ್ಮ ಬೀದಿಯ ಬರ್ನಡೆಟ್ ತಾನೂ ಕುಣಿಯುತ್ತ ಉಳಿದವರಿಗೆ ಹೆಜ್ಜೆ ಕೂಗಿ ಹೇಳುತ್ತಿದ್ದಳು. ನನ್ನನ್ನು ಕಂಡವಳೇ ಪಿಟೀಲು ನಿಲ್ಲಿಸಿದಳು.

"ಏಯ್ ಎಫಿ! ತಟ್ಟೆ ಕೆಳಗಿಡು, ಇಲ್ಲಿ ಬಾ. ಏಳೇ ಜನ ಇದ್ದೀವಿ, ನಾಲ್ಕು ಜೋಡಿ ಆಗ್ತಿಲ್ಲ."

"ನನ್ನ ಮೊಣಕಾಲು ನೋಡಿದ್ದೀಯಾ ನೀನು?"

"ಇಲ್ಲಿರೋರದ್ದೆಲ್ಲ ಸೇರಿಸಿದ್ರೂ ನೆಟ್ಟಗಿರೋ ಮೊಣಕಾಲು ನಾಲ್ಕು ಸಿಗಲ್ಲ. ಬಾರೇ ಸುಮ್ನೆ!"

ಜೋಡಿಯಿಲ್ಲದೆ ನಿಂತಿದ್ದವನು ಲಾಕಿ ಗಿಲಿಸ್. ನೆನಪಿದೆಯಲ್ಲ, ಶಾಲೆಯಲ್ಲಿ ನಿನ್ನ ಹಿಂದಿನ ಬೆಂಚಿನವನು. ರಸ್ತೆಯ ಹಿಮ ಬಳಿಯುವ ಗಾಡಿ ಓಡಿಸಿ ಈಗ ನಿವೃತ್ತನಾಗಿದ್ದಾನೆ. ಹ್ಯೂಗಿಗೆ ಕುಣಿತ ಹಿಡಿಸುತ್ತಿರಲಿಲ್ಲ, ಹಾಗಾಗಿ ಅವನನ್ನು ಮದುವೆಯಾದ ಮೇಲೆ ನಾನೂ ಬಿಟ್ಟಿದ್ದೆ. ನಲವತ್ತು ವರ್ಷದ ಮೇಲೆ ಕಾಲಿಟ್ಟರೆ ಕೇಳಬೇಕೆ! ಎಲ್ಲರೂ ಒಳಗೆ ಬಂದಾಗ ನಾನು ಹೊರಗೆ, ಎಲ್ಲರೂ ಹೊರಗೆ ಹೋದಾಗ ನಾನು ಒಳಗೆ. "ಬಲಕ್ಕೆ ಅಂದ್ಳು ಕಣೇ! ನೀನು ಹೊರಟಿರೋದು ಹ್ಯಾಲಿಫ್ಯಾಕ್ಸ್ ಕಡೆಗೆ!" ಎಂದು ಲಾಕಿ ಕೂಗಿದ. ನಕ್ಕು ನಕ್ಕು ಪಕ್ಕೆ ನೋಯಿತು. ಕುರ್ಚಿಗೆ ಬಂದು ಕುಸಿದಾಗಲೇ ಬೆನ್ನೆಲ್ಲ ಬೆವತಿರುವುದು ಗೊತ್ತಾದದ್ದು. ಬೆವರಬೇಕೆಂದು ಡಾಕ್ಟರಮ್ಮ ಎಷ್ಟು ಬೇಡಿಕೊಂಡಿದ್ದಳೋ!

ಅಂದಿನಿಂದ ಗುರುವಾರ ಮಧ್ಯಾಹ್ನವೆಂದರೆ ಹಾಲ್. ಗುರುವಾರ ತಪ್ಪು ಮಾಡಬಾರದೆಂದು ಉಳಿದ ದಿನ ಮನೆಯಲ್ಲಿ ಅಭ್ಯಾಸ. ಚಹಾದ ನೀರು ಕುದಿಯುವವರೆಗೆ ಒಲೆಯ ಮುಂದೆ ಹೆಜ್ಜೆ, ಬ್ರೆಡ್ಡಿನ ಹಿಟ್ಟು ಉಬ್ಬುವವರೆಗೆ ಪಡಸಾಲೆಯಲ್ಲಿ ಸುತ್ತು. ಹಾಲ್‌ಗೆ ಕಾರಿನಲ್ಲಿ ಹೋಗುತ್ತಿದ್ದವಳು ನಡೆದೇ ಹೋಗತೊಡಗಿದೆ, ಏಕೆಂದರೆ ದಾರಿಯಲ್ಲಿ ಬರ್ನಡೆಟ್ ಸಿಗುತ್ತಾಳೆ, ಊರ ಸುದ್ದಿಯೆಲ್ಲ ಅವಳ ಬಾಯಲ್ಲೇ ಇರುತ್ತದೆ. ವ್ಯಾಯಾಮ ಮಾಡುತ್ತಿದ್ದೇನೆ ಎಂದು ಒಂದು ದಿನವೂ ಅನ್ನಿಸಲಿಲ್ಲ ಜೆಸ್ಸಿ. ಅನ್ನಿಸಿದ್ದರೆ ಬಿಟ್ಟೇಬಿಡುತ್ತಿದ್ದೆ.

ಜನವರಿಯಲ್ಲಿ ಡಾಕ್ಟರಮ್ಮ ಹೊಸ ರಿಪೋರ್ಟನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಎರಡೂ ಇಳಿದಿದೆ! ಬೇರೆ ಯಾರಾದ್ರೂ ಮಾತ್ರೆ ಕೊಟ್ರಾ?"

"ಗುರುವಾರಕ್ಕೊಂದು" ಅಂದೆ.

ಆದರೆ ಆ ತಿಂಗಳ ಕೊನೆಯಲ್ಲಿ ಎರಡು ವಾರ ನಾನು ಹಾಲ್‌ಗೆ ಹೋಗಲಿಲ್ಲ. ಬರ್ನಡೆಟ್ ಫೋನ್ ಮಾಡಿದಾಗ "ಚಳಿ ಜಾಸ್ತಿ ಮಾರಾಯ್ತಿ" ಅಂದುಬಿಟ್ಟೆ. ಮನೆಯಲ್ಲೂ ಹೆಜ್ಜೆ ಹಾಕಲಿಲ್ಲ, ಕಿಟಕಿಯ ಪಕ್ಕ ಕೂತೇ ಇದ್ದೆ. ಮೂರನೆಯ ಗುರುವಾರ ಅಂಗಳದಲ್ಲಿ ಬೂಟಿನ ಹಿಮ ಕೊಡವುವ ಸದ್ದು. ಬಾಗಿಲು ತೆರೆದರೆ ಅಷ್ಟೂ ಜನ ಸಾಲಾಗಿ ನಿಂತಿದ್ದಾರೆ, ಅವರ ಹಿಂದೆ ಕೋಟಿನೊಳಗೆ ಪಿಟೀಲು ಬಚ್ಚಿಟ್ಟುಕೊಂಡ ಸ್ಯಾಂಡಿ.

"ನಿನಗೆ ಚಳಿ ಅಂದ್ರೆ ಹಾಲ್ ತಾನೇ ಇಲ್ಲಿಗೆ ಬರತ್ತೆ" ಎಂದು ಬರ್ನಡೆಟ್ ನನ್ನನ್ನು ಸರಿಸಿಕೊಂಡು ಒಳಗೆ ನುಗ್ಗಿದಳು. "ಎತ್ರೋ ಆ ಮೇಜು! ಎಫಿ, ಆ ಚಪ್ಪಲಿ ಬಿಟ್ಟು ಶೂ ಹಾಕ್ಕೋ."

ಅಡುಗೆಮನೆಯಲ್ಲಿ ಎಂಟು ಜನ ಕುಣಿಯುವುದನ್ನು ಊಹಿಸಿಕೋ! ಫ್ರಿಜ್ಜಿಗೆ ಒಬ್ಬರ ಮೊಣಕೈ ತಾಗಿದರೆ ಸಿಂಕಿಗೆ ಇನ್ನೊಬ್ಬರ ಸೊಂಟ. ಬೀರುವಿನ ತಟ್ಟೆಗಳೆಲ್ಲ ತಾಳ ಹಾಕಿದವು, ಅಮ್ಮನ ನೀಲಿ ಲೋಟ ಬಿದ್ದು ಒಡೆಯಿತು. ಕ್ಷಮಿಸು, ಅದು ನಿನಗೆ ಬರಬೇಕಾದದ್ದು. ಹೊರಡುವಾಗ ಎಲ್ಲರ ಕೆನ್ನೆಯೂ ಕೆಂಪಾಗಿತ್ತು. ಈ ಮನೆಯಲ್ಲಿ ಅಷ್ಟು ಗದ್ದಲವಾಗಿ ಎಷ್ಟು ಕಾಲವಾಗಿತ್ತೋ! ಮರುವಾರದಿಂದ ಮತ್ತೆ ಹಾಲ್‌ಗೆ ಹೋಗುತ್ತಿದ್ದೇನೆ.

ನೀನು ಜುಲೈನಲ್ಲಿ ಬರುತ್ತೇನೆಂದು ಬರೆದಿದ್ದೀಯ. ಮೆತ್ತನೆಯ ಅಟ್ಟೆಯ ಶೂ ತಾ, ತಪ್ಪಿಸಿಕೊಳ್ಳಲು ಬಿಡುವುದಿಲ್ಲ. ನಿನ್ನ ಕಾಲಿಗೆ ಬಲ ಬರಲಿ, ನಿನ್ನ ಡಾಮಿನಿಕ್‌ನ ಬೆನ್ನುನೋವು ಇಳಿಯಲಿ, ನಿಮ್ಮಿಬ್ಬರ ಮನೆಯಲ್ಲಿ ಸದಾ ನಗುವಿರಲಿ.

ನಿನ್ನ ಅಕ್ಕ,
ಎಫಿ

ಮತ್ತೆ ಬರೆದದ್ದು: ಕಾಗದ ಮಡಿಸಿದವಳು ಮತ್ತೆ ಬಿಚ್ಚಿದೆ. ನಾನು ಆ ಎರಡು ವಾರ ಹೋಗದೆ ಉಳಿದದ್ದು ಚಳಿಗಲ್ಲ. ಅದಕ್ಕೆ ಹಿಂದಿನ ಗುರುವಾರ ಪಿಟೀಲು ನಿಂತ ಮೇಲೂ ಲಾಕಿ ಯಾರೊಡನೆಯೋ ಮಾತಾಡುತ್ತ ನನ್ನ ಕೈ ಬಿಡುವುದನ್ನು ಮರೆತಿದ್ದ. ಕುಣಿಯುವಾಗ ಹಿಡಿಯುವುದು, ಬಿಡುವುದು ಎಲ್ಲ ಭರದಲ್ಲಿ ನಡೆದುಹೋಗುತ್ತದೆ. ಇದು ಹಾಗಲ್ಲ, ಸುಮ್ಮನೆ ಹಿಡಿದದ್ದು. ಬೆಚ್ಚಗಿತ್ತು. ಆಸ್ಪತ್ರೆಯಲ್ಲಿ ನರ್ಸ್ ನನ್ನ ಬೆರಳುಗಳನ್ನು ಹ್ಯೂಗಿಯ ಕೈಯಿಂದ ಒಂದೊಂದಾಗಿ ಬಿಡಿಸಿದಳಲ್ಲ, ಅಲ್ಲಿಂದ ಈ ನಾಲ್ಕು ವರ್ಷ ನನ್ನ ಕೈಯನ್ನು ಯಾರೂ ಹಾಗೆ ಹಿಡಿದಿರಲಿಲ್ಲ ಜೆಸ್ಸಿ. ಎಲ್ಲರೂ ಊಟ ತಂದುಕೊಟ್ಟರು, ಬಾಗಿಲ ಹಿಮ ಬಳಿದರು. ಕೈ ಹಿಡಿಯುವುದು ಮಾತ್ರ ಯಾರಿಗೂ ಹೊಳೆಯಲಿಲ್ಲ, ಅದು ಬೇಕಾಗಿತ್ತೆಂದು ನನಗೂ ಗೊತ್ತಿರಲಿಲ್ಲ. ದಾರಿಯುದ್ದಕ್ಕೂ ಅತ್ತುಕೊಂಡು ಮನೆಗೆ ಬಂದಿದ್ದೆ.

ಅಡುಗೆಮನೆಯಲ್ಲಿ ಕುಣಿದ ದಿನ ಲಾಕಿ ಬಾಗಿಲಲ್ಲಿ ಹಿಂದೆ ಉಳಿದು, "ನಾನೇನಾದ್ರೂ ತಪ್ಪು ಮಾಡಿದ್ನಾ ಎಫಿ?" ಎಂದ. "ಇಲ್ಲ ಮಾರಾಯ" ಅಂದೆ. ಕೈಗವಸು ಹಾಕಿಕೊಳ್ಳುವ ಮೊದಲು ಅವನು ಕೈ ಚಾಚಿದ. ಹಿಡಿದುಕೊಂಡೆ.

ಜುಲೈನಲ್ಲಿ ಬಂದಿಳಿದ ಕೂಡಲೇ ನಿನ್ನ ಪೆಟ್ಟಿಗೆ ಕೆಳಗಿಡು. ಮೊದಲು ಕೈ ಕೊಡು.