ನಾನು ಹಾಕದ ಒಂದು ಹಿಡಿ ಮಣ್ಣು

ಹಡೆದವ್ವನಿಗೆ, ನಿನ್ನ ಮಗಳು ಮಾದೇವಿ ಮಾಡುವ ಶರಣು.

ನಿನ್ನನ್ನು ಮಣ್ಣು ಮಾಡಿದ ದಿನ ನಾನು ಹೊಲದ ತನಕ ಬರಲಿಲ್ಲ. ಅದು ನಿನಗೆ ಗೊತ್ತಾಯಿತೋ ಇಲ್ಲವೋ ತಿಳಿಯದು, ಶಿರವಾಳದ ಮಂದಿಗಂತೂ ಗೊತ್ತಾಯಿತು. ಊರೆಲ್ಲ ಬಂದು ಒಂದೊಂದು ಹಿಡಿ ಮಣ್ಣು ಹಾಕಿ ಹೋದರು, ಹೊಟ್ಟೆಯಲ್ಲಿ ಹುಟ್ಟಿದವಳು ಹಾಕಲಿಲ್ಲ. ಯಾಕೆ ಅಂತ ಅವತ್ತು ಯಾರಿಗೂ ಬಿಡಿಸಿ ಹೇಳಲಾಗಲಿಲ್ಲ. ಇವತ್ತು ನಿನಗೆ ಹೇಳಿಬಿಡುತ್ತೇನೆ. ಆದರೆ ನಾನು ನೆಟ್ಟಗೆ ವಿಷಯಕ್ಕೆ ಬರುವವಳಲ್ಲ ಅಂತ ನೀನೇ ಬೈಯುತ್ತಿದ್ದೆಯಲ್ಲ, ಸ್ವಲ್ಪ ತಾಳ್ಮೆ ಇರಲಿ.

ಆ ಮೆಣಸಿನಕಾಯಿಯ ದಿನ ನೆನಪಿದೆಯಾ? ನೀನು ಶಹಾಪುರಕ್ಕೆ ನಮ್ಮ ಮನೆಗೆ ಬಂದಿದ್ದೆ. ನನ್ನ ಗೌರಿಗೆ ಆಗ ಐದು ವರ್ಷ. ಬಸ್‌ಸ್ಟ್ಯಾಂಡಿನ ಹಾರ್ನು, ಜನ, ಬಿಸಿಲು ಎಲ್ಲ ದಾಟಿ ನಿನ್ನನ್ನು ಕರೆತರುವಷ್ಟರಲ್ಲಿ ಕೂಸು ನೆಲಕ್ಕೆ ಬಿದ್ದು, ಕಿವಿ ಮುಚ್ಚಿಕೊಂಡು ಚೀರತೊಡಗಿತು. ತನ್ನ ಕೈ ತಾನೇ ಕಚ್ಚಿಕೊಂಡಿತು. "ಕೂಸಿಗಿ ಯಾರದೋ ಕಣ್ಣ ಬಿದ್ದದ" ಅಂತ ನೀನು ಉಪ್ಪು, ಸಾಸಿವೆ, ಒಣ ಮೆಣಸಿನಕಾಯಿ ಇಳಿಸಿ ಬಚ್ಚಲ ಒಲೆಯ ಕೆಂಡಕ್ಕೆ ಹಾಕಿದೆ. ಘಾಟು ಬರದಿದ್ದರೆ ದೃಷ್ಟಿಯಾಗಿದೆ ಅಂತ ಅರ್ಥ ಅಲ್ಲವೇ? ನಮ್ಮ ಮನೆಯಲ್ಲಿ ಓಣಿಯೇ ಕೆಮ್ಮುವಷ್ಟು ಘಾಟು ಬಂತು! ಉರಿಯುವ ಬೆಂಕಿಗೆ ಎಣ್ಣೆ ಸುರಿಯುವವರನ್ನು ಕಂಡಿದ್ದೆ, ನೀನು ಮೆಣಸಿನಕಾಯಿಯನ್ನೇ ಸುರಿದೆ. ಗೌರಿ ಹಣೆಯನ್ನು ಗೋಡೆಗೆ ಬಡಿದುಕೊಂಡಳು. ನಾನು ನಿನ್ನ ಮೇಲೆ ಹರಿಹಾಯ್ದೆ. ಎರಡು ದಿನ ನೀನು ನನ್ನ ಕೂಡ ಮಾತು ಬಿಟ್ಟೆ.

ಆಮೇಲೆ ಯಾದಗಿರಿಗೆ ಹೋದೆವು. ಗೌರಿಗೆ ಆಟಿಸಂ ಇದೆ ಅಂತ ಹೇಳಿದ ಡಾಕ್ಟರ್ ಮೇಡಂ ಕಡೆಗೆ ಅದು ನಮ್ಮ ಮೂರನೆಯ ಸಲ. ನೀನು ಮೂಲೆಯ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದೆ, ತೂಕಡಿಸುತ್ತಿದ್ದೀಯ ಅಂದುಕೊಂಡೆ. ಮೇಡಂ ನನಗೆ ಹೇಳಿದರು, "ಇದು ಹಟ ಅಲ್ರಿ. ಮೆಲ್ಟ್‌ಡೌನ್ ಅಂತಾರ. ಗದ್ದಲ, ಬೆಳಕು ಎಲ್ಲಾ ಸೇರಿ ಆಕಿ ತಲ್ಯಾಗ ತುಂಬಿ ತುಳುಕಾಕತ್ತಿರ್ತದ. ಆವಾಗ ನೀವು ಬುದ್ಧಿ ಹೇಳಿದ್ರ ಅದೂ ಒಂದು ಗದ್ದಲನ. ಮಂದೀನ ಕಳಸ್ರಿ, ಬೆಳಕ ಕಡಿಮಿ ಮಾಡ್ರಿ, ಪೆಟ್ಟಾಗದಂಗ ನೋಡ್ಕೊಂಡು ಸುಮ್ನ ಆಕಿ ಹತ್ರ ಕುಂದರ್ರಿ." ಸುಮ್ಮನೆ ಕೂರುವುದು! ಬಾಯಿಬಡುಕಿ ಮಗಳಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇದೆಯೇ? ವಾಪಸ್ ಬರುವಾಗ ಬಸ್ಸಿನಲ್ಲಿ ನೀನು ಇದ್ದಕ್ಕಿದ್ದಂತೆ ಅಂದೆ, "ಪಾಪ, ಕೂಸಿನ ತಪ್ಪಿಲ್ಲವ್ವಾ. ನಾನ ಹೊಗಿ ಹಾಕಿ ಕೊಂದೆ." ನೀನು ತೂಕಡಿಸಿರಲೇ ಇಲ್ಲ.

ಮುಂದಿನ ಸಲ ಗೌರಿ ನೆಲಕ್ಕೆ ಬಿದ್ದಾಗ ನನಗಿಂತ ಮೊದಲು ನೀನೇ ಎದ್ದೆ. ಕಿಟಕಿಯಲ್ಲಿ ಇಣುಕಿದವರಿಗೆ "ನಡೀರಿ ನಡೀರಿ, ಇಲ್ಲೇನ ಬಯಲಾಟ ನಡದಿಲ್ಲ" ಅಂದು ಕದ ಹಾಕಿದೆ. ಗೋಡೆಗೆ ದಿಂಬು ಒರಗಿಸಿದೆ. ಕೂಸಿಗೆ ಬೆನ್ನು ಮಾಡಿ ಎರಡು ಮಾರು ದೂರ ಕೂತು, ಮೊರದ ತುಂಬ ಜೋಳ ಸುರಿದುಕೊಂಡು ಹಸನು ಮಾಡತೊಡಗಿದೆ. ಒಂದೊಂದೇ ಕಲ್ಲು ಆರಿಸುತ್ತ, ಜೋಳವನ್ನು ಸರ್ ಸರ್ ಅಂತ ಆಚೆ ಈಚೆ ಸರಿಸುತ್ತ. ಒಂದು ಮಾತಿಲ್ಲ. ನಾನು ಬಾಗಿಲ ಬಳಿ ತುಟಿ ಕಚ್ಚಿಕೊಂಡು ನಿಂತಿದ್ದೆ. ಅಳು ಇಳಿಯಿತು, ಬಿಕ್ಕಳಿಕೆಯಾಯಿತು. ಕಡೆಗೆ ಒಂದು ಸಣ್ಣ ಕೈ ಹಿಂದಿನಿಂದ ಬಂದು ಮೊರದ ಜೋಳದೊಳಗೆ ಮುಳುಗಿತು. ನೀನು ತಿರುಗಿ ನೋಡಲಿಲ್ಲ, "ಹಸನಾತು" ಅಂದೆ ಅಷ್ಟೇ. ಮಾತೇ ಅಪರೂಪವಾಗಿದ್ದ ಕೂಸು "ಹಸನಾತು" ಅಂತು. ಅವತ್ತು ನಾನು ಬಚ್ಚಲಿಗೆ ಹೋಗಿ ಅತ್ತದ್ದು ನಿನಗೆ ಗೊತ್ತಿಲ್ಲ.

ಈಗ ನಿನ್ನ ಮಣ್ಣಿನ ದಿನಕ್ಕೆ ಬರುತ್ತೇನೆ. ಪಡಸಾಲೆಯಲ್ಲಿ ನಿನಗೆ ವಿಭೂತಿ ಹಚ್ಚಿ ಕೂರಿಸಿದ್ದರು. ಭಜನೆಯವರ ತಾಳ, ದಮ್ಮಡಿ, ಹೆಂಗಸರ ಅಳು, ಊದಿನಕಡ್ಡಿಯ ಹೊಗೆ. ನಿನ್ನನ್ನು ಎತ್ತುವ ಹೊತ್ತಿಗೆ ಒಂಬತ್ತು ವರ್ಷದ ಗೌರಿ ಲಂಗದ ಅಂಚು ತಿರುಚತೊಡಗಿದ್ದಳು. ಅದು ಮುನ್ಸೂಚನೆ ಅಂತ ನನಗೆ ಗೊತ್ತಿತ್ತು, ಆದರೆ ಐದು ನಿಮಿಷ, ಬರೀ ಐದು ನಿಮಿಷ ನಿನ್ನ ಕಾಲ ಬಳಿ ಇರಬೇಕು ಅಂತ... ಅಷ್ಟರಲ್ಲಿ ಬಿದ್ದಳು. "ಮುದುಕಿ ಗಾಳಿ ಬಡದದ" ಅಂದರು ಯಾರೋ. ನಿನ್ನ ಅಕ್ಕ, ನನ್ನ ದೊಡ್ಡವ್ವ, "ಯಾರ ಕೈಯಾಗರೆ ಕೊಟ್ಟು ನೀ ನಡಿ" ಅಂತ ನನ್ನ ರಟ್ಟೆ ಹಿಡಿದಳು. ಯಾರ ಕೈಯಲ್ಲಿ ಕೊಡಲಿ? ಗೌರಿಯ ಅಪ್ಪ ನಿನಗೆ ಹೆಗಲು ಕೊಡಲು ನಿಂತಿದ್ದರು. ಹಾಗೆ ಸುಮ್ಮನೆ ಕೂರಲು ಬರುತ್ತಿದ್ದವಳು ನೀನೊಬ್ಬಳೇ, ನೀನೇ ಹೊರಟಿದ್ದೆ. ಕೂಸನ್ನು ಎತ್ತಿಕೊಂಡು ಹಿಂದಿನ ಕೋಣೆಗೆ ಹೋಗಿ ಕದ ಹಾಕಿದೆ. ಗೋಡೆಯ ಮೇಲಿದ್ದ ನಿನ್ನ ಮೊರ ಇಳಿಸಿದೆ. ಭಜನೆ ಅಂಗಳ ದಾಟಿತು, ಓಣಿ ದಾಟಿತು, ಆಮೇಲೆ ಕೇಳಿಸಲೇ ಇಲ್ಲ. ನಾನು ಜೋಳ ಹಸನು ಮಾಡುತ್ತಿದ್ದೆ.

ಹೊಲದಿಂದ ಬಂದ ದೊಡ್ಡವ್ವ ಎಲ್ಲರೆದುರು ಅಂದಳು, "ಹಡದಾಕಿಗಿ ಒಂದ್ ಹಿಡಿ ಮಣ್ಣ ಹಾಕಾಕ ಬರಲಿಲ್ಲಲ್ಲ, ಎಂಥಾ ಮಗಳವಾ ನೀ." ಯಾರ ಮೇಲಾದರೂ ಜಗಳಕ್ಕೆ ಬೀಳುವ ನಾನು ಅವತ್ತು ಅವಳೆದುರೇ ಮೊರ ಎತ್ತಿ ಗೋಡೆಗೆ ನೇತುಹಾಕಿದೆ. ಅವಳ ಮಾತು ನಿಜವಿರಬಹುದು ಅನ್ನಿಸಿತ್ತು. ಮಾಡಿದ್ದು ತಪ್ಪಾ ಅವ್ವಾ?

ದೊಡ್ಡವ್ವನ ಮೇಲೆ ಸಿಟ್ಟಾಗಬೇಡ. ಹೋದ ಬೇಸಿಗೆ ಸುರಪುರದಲ್ಲಿ ಅವಳ ಮೊಮ್ಮಗನ ಮದುವೆಯಾಯಿತು. ಬ್ಯಾಂಡು ಶುರುವಾದ ಕೂಡಲೇ ಗೌರಿ ನನ್ನ ಸೆರಗು ಜಗ್ಗಿ "ಹೊರಗ" ಅಂದಳು. ಬೀಳುವ ಮೊದಲೇ ಹೇಳಿದಳು, ತಿಳಿಯಿತಾ? ಮೇಡಂ ಕಡೆ ಎರಡು ವರ್ಷ ಕಲಿತ ಒಂದು ಶಬ್ದ. ನಾನು ಏಳುವ ಮೊದಲೇ ದೊಡ್ಡವ್ವ ಒಂದು ಕೋಣೆ ಖಾಲಿ ಮಾಡಿಸಿ, ಹುಡುಗರನ್ನು ಗದರಿಸಿ ಓಡಿಸಿ, ಅವತ್ತು ಕಂಡ ಮೊರ ನೆನಪಿತ್ತೇನೋ, ಪಿಸುದನಿಯಲ್ಲಿ ಕೇಳಿದಳು, "ಜ್ವಾಳ ಇಲ್ಲವ್ವಾ, ಅಕ್ಷತಾದ ಅಕ್ಕಿ ನಡೀತದೇನ?" ಅಕ್ಕಿ ನಡೆಯಲಿಲ್ಲ. ನಿನ್ನ ಮೊಮ್ಮಗಳಲ್ಲವೇ, ಜೋಳವೇ ಬೇಕು. ಪಕ್ಕದ ಮನೆಯಿಂದ ತರಿಸಿದಳು.

ನಿನ್ನ ವರ್ಷದ ಪೂಜೆಗೆ ಗದ್ದಲವಿರುತ್ತದೆ ಅಂತ ಮರುದಿನ ಬೆಳಿಗ್ಗೆ ನಾನು, ಗೌರಿ ಇಬ್ಬರೇ ಹೊಲಕ್ಕೆ ಬಂದೆವು. ಮಳೆಗೆ ನಿನ್ನ ಮೇಲಿನ ಮಣ್ಣು ಒಂದು ಕಡೆ ಕುಸಿದಿತ್ತು. ಅದನ್ನು ನೋಡಿದ್ದೇ ತಡ, ವರ್ಷದಿಂದ ತಡೆದದ್ದೆಲ್ಲ ಒಮ್ಮೆಗೇ ಬಂತು. ನೆಲಕ್ಕೆ ಕುಸಿದು ಬಾಯಿಬಿಟ್ಟು ಅತ್ತೆ. ಕೂಸು ಹೆದರುತ್ತದೆ, ನಿಲ್ಲಿಸಬೇಕು ಅಂದುಕೊಂಡರೂ ನಿಲ್ಲಲಿಲ್ಲ.

ಗೌರಿ ಕಿವಿ ಮುಚ್ಚಿಕೊಳ್ಳಲಿಲ್ಲ ಅವ್ವಾ. ಎರಡು ಮಾರು ದೂರ ಹೋಗಿ ನನಗೆ ಬೆನ್ನು ಮಾಡಿ ಕೂತಳು. ಎರೆಮಣ್ಣಿನ ಹೆಂಟೆ ಒಡೆದಳು, ಕಲ್ಲು ಆರಿಸಿದಳು, ಬೇರು ಆರಿಸಿದಳು. ಒಂದು ಮಾತಿಲ್ಲ. ನನ್ನ ಅಳು ಬಿಕ್ಕಳಿಕೆಗೆ ಇಳಿದಾಗ ಆ ಮಣ್ಣನ್ನು ಬೊಗಸೆಯಲ್ಲಿ ತಂದು ನನ್ನ ಕೈಗೆ ಸುರಿದು, ಅಂದಳು, "ಹಸನಾತು."

ಅದೇ ಮಣ್ಣನ್ನು ನಿನಗೆ ಹಾಕಿದೆ. ವರ್ಷ ತಡವಾಯಿತು. ಆದರೆ ಅದರಲ್ಲಿ ಒಂದು ಕಲ್ಲೂ ಇರಲಿಲ್ಲ.