ಹಗೇವಿಗೆ ಇಳಿದ ಗುಡ್ಡದ ನೀರು

ಮಾನ್ವಿಯ ಗುಡ್ಡದ ಮೇಲೆ ಹೊಸ ಬಂಗಲೆಗಳನ್ನು ಕಟ್ಟಿಸಿದ ಇಂಜಿನಿಯರ್ ಸಾಹೇಬರಿಗೆ,

ಮಾನ್ಯರೇ,

ನಿಮ್ಮ ನೀರು ನಮ್ಮ ಜೋಳವನ್ನು ತಿಂದಿದೆ. ನಿಮ್ಮ ನೀರು ಎಂದೆನೆಂದು ಸಿಟ್ಟಾಗಬೇಡಿ. ಮಳೆ ದೇವರದ್ದೇ, ಒಪ್ಪಿದೆ. ಆದರೆ ಅದಕ್ಕೆ ನಮ್ಮ ಓಣಿಯ ದಾರಿ ತೋರಿಸಿದವರು ತಾವು. ಗುಡ್ಡದ ನೀರನ್ನು ಕೆರೆಗೆ ಒಯ್ಯುವ ಕಲ್ಲುಕಾಲುವೆಯೊಂದು ನಮ್ಮ ಅಜ್ಜಂದಿರ ಕಾಲದಿಂದಲೂ ಇತ್ತು. ಹೋದ ಬೇಸಿಗೆಯಲ್ಲಿ ಅಧಿಕಾರಿಗಳ ವಾಸಕ್ಕೆಂದು ನಾಲ್ಕು ಬಂಗಲೆಗಳು ಎದ್ದವು. ಅಂಗಳ ಸಮತಟ್ಟಾಗಿರಬೇಕೆಂದು ತಾವು ಆ ಕಾಲುವೆಗೆ ಮಣ್ಣು ತುಂಬಿಸಿ, ಮೇಲೆ ಹೂವಿನ ಗಿಡ ನೆಡಿಸಿದಿರಿ. ಅಷ್ಟು ಓದಿದ ತಮಗೆ ನೀರು ಇಳಿಜಾರಿಗೆ ಹರಿಯುತ್ತದೆಂದು ಯಾರೂ ಹೇಳಿಕೊಡಲಿಲ್ಲವೇ? ಅಥವಾ ತಮ್ಮ ನಕಾಶೆ ಬಂಗಲೆಯ ಗೋಡೆಗೇ ಮುಗಿದುಹೋಯಿತೇ?

ಗೋಡೆಯಾಚೆ ಇರುವುದು ನಮ್ಮ ಓಣಿ. ಇಲ್ಲಿಯವರಿಗೆ ಹೊಲವಿಲ್ಲ. ಸುಗ್ಗಿಯಲ್ಲಿ ಕಲ್ಲೂರು, ಬಾಗಲವಾಡಗಳಿಗೆ ಹೋಗಿ ತೆನೆ ಕೊಯ್ದು, ಕೂಲಿಯಾಗಿ ಜೋಳ ತರುತ್ತಾರೆ. ಅದನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತುತ್ತಾರೆ. ಮಳೆಗಾಲದಲ್ಲಿ ಕೂಲಿ ಸಿಗದ ದಿನಗಳಿಗೆ ಅದೇ ಅನ್ನ. ನಮ್ಮ ಪಕ್ಕದ ಮನೆಯ ಕನಕಮ್ಮ ಗಂಡ ಸತ್ತ ಮೇಲೆ ಮೂರು ಮಕ್ಕಳನ್ನು ಸಾಕಿದ್ದು ಆ ಹಗೇವಿನಿಂದಲೇ. ಹೋದ ಶ್ರಾವಣದಲ್ಲಿ, ಓಣಿಗೆ ನುಗ್ಗಿದ ಗುಡ್ಡದ ನೀರು ಇಳಿದ ಮೇಲೆ, ಅದರ ಬಾಯಿ ತೆಗೆದು, ಕೆಟ್ಟ ಗಾಳಿ ಹೋಗಲೆಂದು ಒಂದು ದಿನ ಬಿಟ್ಟು, ಆಕೆಯ ಮೈದುನ ಜಂಬಣ್ಣ ಒಳಗಿಳಿದ. ಕೆಳಗಿನಿಂದ ಅವನ ದನಿ ಬಂತು: "ವೈನಿ, ಇದು ಜ್ವಾಳ ಅಲ್ಲ, ರಾಡಿ ಅದ. ಬುಟ್ಟಿ ಬಿಡಬ್ಯಾಡ." ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆ ಮಳೆಗಾಲ ಕನಕಮ್ಮನ ಮಕ್ಕಳು ಸೊಪ್ಪು ತೊಪ್ಪಲು ಬೇಯಿಸಿ ತಿಂದರು. ಚಿಕ್ಕದಕ್ಕೆ ನಾಲ್ಕು ವರ್ಷ. ಅದು ಹಸಿವಿಗೆ ಅತ್ತದ್ದನ್ನು ನಮ್ಮ ಗೋಡೆಯೀಚೆಯಿಂದ ನಾನು ಕೇಳಿದ್ದೇನೆ.

ಅರ್ಜಿ ಬರೆದೆ. ಮೂರು ಬರೆದೆ. ದಸರೆ ಕಳೆದ ಮೇಲೆ, ಸೋಮವಾರ ತಾವೇ ಖುದ್ದಾಗಿ ತಪಾಸಣೆಗೆ ಬರುವಿರೆಂದು ಸುದ್ದಿ ಬಂತು. ಇಲ್ಲಿಂದ ಮುಂದಿನ ತಪ್ಪು ನನ್ನದು, ಅದನ್ನೂ ಬಹಿರಂಗವಾಗಿಯೇ ಹೇಳುತ್ತೇನೆ. ನಾನು ಮಾಸ್ತರ. ದೊಡ್ಡವರು ಬರುವಾಗ ಶಾಲೆಯನ್ನು ಗುಡಿಸಿ, ಸುಣ್ಣ ಬಳಿಸಿ ರೂಢಿಯಾದವನು. ಓಣಿಯವರಿಗೂ ಅದನ್ನೇ ಹೇಳಿದೆ. ಕನಕಮ್ಮ ಮಾತ್ರ ಒಪ್ಪಲಿಲ್ಲ: "ಕೊಳೆತ ಜ್ವಾಳ ಅಲ್ಲೇ ಬಿದ್ದಿರಲಿ ಬಿಡ್ರಿ ಮಾಸ್ತರ, ಸಾಹೇಬ್ರು ಕಣ್ಣಾರೆ ನೋಡ್ಲಿ." "ನಾತಕ್ಕ ಸಾಹೇಬ್ರು ಹೊಳ್ಳಿ ಹೋಗ್ತಾರವ್ವ" ಎಂದು ಆಕೆಯ ಬಾಯಿ ಮುಚ್ಚಿಸಿದವನು ನಾನು. ಹೆಂಗಸರು ಹಗೇವಿನಿಂದ ತೆಗೆದು ಹಾಕಿದ್ದ ಆ ರಾಶಿಯನ್ನು ಬುಟ್ಟಿ ಬುಟ್ಟಿಯಾಗಿ ಹೊತ್ತು ಊರ ಹೊರಗಿನ ತಿಪ್ಪೆಗೆ ಹಾಕಿದರು. ನೀರು ಕೊರೆದ ಕೊರಕಲಿಗೆ ಮರಮು ಮಣ್ಣು ತುಂಬಿದರು. ಗೋಡೆಯ ಮೇಲೆ ಸೊಂಟದೆತ್ತರಕ್ಕಿದ್ದ ನೀರಿನ ಗೆರೆಗೆ ಸುಣ್ಣ ಬಳಿದರು, ಬಾಗಿಲಿಗೆ ರಂಗೋಲಿ ಹಾಕಿದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು!

ತಾವು ಬಂದಿರಿ. ಟಾಂಗಾ ಓಣಿಯ ಬಾಯಲ್ಲೇ ನಿಂತಿತು. ನಮ್ಮ ಓಣಿಯೊಳಗೆ ಕಾಲಿಡುವುದು ತಮಗೆ ಸೇರದೆಂದು ಜೊತೆಗಿದ್ದವರ ಮುಖವೇ ಹೇಳುತ್ತಿತ್ತು. ಗುಡ್ಡದ ಮೇಲಿನ ಬಚ್ಚಲ ನೀರು ನಮ್ಮ ಒಲೆಯ ತನಕ ಬರಲು ಯಾವ ಮೈಲಿಗೆಯೂ ಅಡ್ಡ ಬರುವುದಿಲ್ಲ, ತಮ್ಮ ಬೂಟು ಬರಲು ಮಾತ್ರ ಬರುತ್ತದೆ. ಕೂತಲ್ಲಿಂದಲೇ ನೋಡಿ "ಬಹುತ್ ಸಾಫ್ ಹೈ" ಎಂದಿರಿ. ಹದಿನೈದು ದಿನಕ್ಕೆ ಉರ್ದುವಿನಲ್ಲಿ ಉತ್ತರ ಬಂತು. ಓದಿ ಹೇಳಿದವರು ನಮ್ಮ ದರ್ಜಿ ಸತ್ತಾರ್ ಸಾಬರು: ಓಣಿ ಒಣಗಿ ಚೊಕ್ಕವಾಗಿದೆ, ಹಾನಿಯ ಗುರುತು ಕಾಣಲಿಲ್ಲ, ಅರ್ಜಿ ವಜಾ. ಕಾಗದ ಮಡಚಿ ಕೊಡುತ್ತ ಅವರೆಂದರು, "ಮಾಸ್ತರ, ಇದನ್ನ ಇನ್ನೊಮ್ಮೆ ಓದಾಕ ಹೇಳಬ್ಯಾಡ್ರಿ."

ಸುಣ್ಣದ ಕೆಳಗೆ ಗೆರೆ ಇದೆ ಸಾಹೇಬರೇ. ಉಗುರಿನಿಂದ ಕೆರೆದರೆ ಸಿಗುತ್ತದೆ. ಕೆರೆಯಬೇಕಾದರೆ ಟಾಂಗಾದಿಂದ ಇಳಿಯಬೇಕು. ಬಡವರು ಹರಕು ಬಟ್ಟೆಯಲ್ಲಿ ಬಂದರೆ ಗಲೀಜೆನ್ನುತ್ತೀರಿ, ತೊಳೆದುಕೊಂಡು ಬಂದರೆ ಕಷ್ಟವೇ ಇಲ್ಲವೆನ್ನುತ್ತೀರಿ. ನಾವು ಯಾವ ವೇಷದಲ್ಲಿ ಬಂದರೆ ತಮಗೆ ಕಾಣುತ್ತೇವೆ?

ಈಗ ಮತ್ತೆ ಸುಗ್ಗಿ ಮುಗಿದಿದೆ. ಮೊನ್ನೆ ಕನಕಮ್ಮ ಕಲ್ಲೂರಿನಿಂದ ಎರಡು ಚೀಲ ಜೋಳ ತಂದು ನಮ್ಮ ಕಟ್ಟೆಯ ಮೇಲೆ ಇಳಿಸಿದಳು. ಬಯ್ಯುತ್ತಾಳೆಂದುಕೊಂಡೆ. ಬಯ್ಯಲಿಲ್ಲ. "ಹಗೇವಿನ ತಳ ಇನ್ನೂ ಹಸಿ ಅದರೀ. ಇದನ್ನ ಎಲ್ಲಿ ಇಡ್ಲಿ ಮಾಸ್ತರ?" ಎಂದಳು. ಅದಕ್ಕೇ ಊರೆಲ್ಲ ಓದುವಂತೆ ಈ ಪತ್ರ.

ಮಳೆಗಾಲ ತೆರೆಯುವ ಮಿರಗದ ಮಳೆಗೆ ಇನ್ನು ಎರಡು ತಿಂಗಳೂ ಇಲ್ಲ. ಅಷ್ಟರೊಳಗೆ ಆ ಹೂವಿನ ಗಿಡ ಕಿತ್ತು, ಹಳೆಯ ಕಾಲುವೆಯ ಬಾಯಿ ತೆಗೆಸಿ. ಅದಾಗದಿದ್ದರೆ ಕನಕಮ್ಮನ ಎರಡು ಚೀಲ ಜೋಳವನ್ನು ಬಂಗಲೆಯ ಪಡಸಾಲೆಯಲ್ಲಿಡಲು ಲಿಖಿತ ಅಪ್ಪಣೆ ಕೊಡಿ. ಗುಡ್ಡದ ಕೆಳಗೆ ನೀವು ಒಣ ಜಾಗ ಉಳಿಸಿಲ್ಲ. ಹೊತ್ತು ತರುವ ಕೆಲಸ ನಮ್ಮದು, ಅದು ನಮಗೆ ರೂಢಿ ಇದೆ. ಆದರೆ ತಪಾಸಣೆಗೆಂದು ಮತ್ತೆ ಬರುವುದಾದರೆ ಹೇಳದೆ ಬನ್ನಿ. ಈ ಸಲ ಓಣಿಯಲ್ಲಿ ಯಾರೂ ಗುಡಿಸಲು ಕಸಬರಿಗೆ ಮುಟ್ಟುವುದಿಲ್ಲ.

ಇಂತಿ,
ಸಾಕ್ಷಿಯನ್ನು ತಾನೇ ಗುಡಿಸಿಹಾಕಿದ
ತಾಯಣ್ಣ ಮಾಸ್ತರ
ಗುಡ್ಡದ ಕೆಳಗಿನ ಓಣಿ, ಮಾನ್ವಿ, 1946